ಕಾನೂನು ಆಯೋಗ: ಕಣಕ್ಕೆ ಬಂದ ಕಾಳೆಷ್ಟು?

ಕಾಲುವೆ ನೀರಿನ ಸರದಿಗಾಗಿ ವ್ಯಾಜ್ಯ ಹೂಡಿ, ಕೋರ್ಟಿಗೆ ಅಲೆದು ಬೇಸತ್ತ ರೈತರು ನಿಮ್ಮ ಊರಿನಲ್ಲಿಯೂ ಇರಬಹುದು. ಇಂಥ ಬವಣೆಗೆ ಕಾರಣವಾದ ಕಾನೂನುಗಳನ್ನು ಪರಿಶೀಲಿಸಿ, ತಕ್ಕ ತಿದ್ದುಪಡಿ ಸೂಚಿಸಲೆಂದೇ ದೆಹಲಿಯಲ್ಲಿ ಕಾನೂನು ಆಯೋಗವಿದೆ. ಸ್ವತಂತ್ರ ಭಾರತದ ಮೊದಲ ಆಯೋಗ 1955ರಲ್ಲಿ ಎಂ.ಸಿ. ಸೆಟಲ್ವಾಡರ ಅಧ್ಯಕ್ಷತೆಯಲ್ಲಿ ರಚಿತವಾಯಿತು. ಅಂದಿನಿಂದ 2024ರವರೆಗೆ ಸಲ್ಲಿಕೆಯಾದ ವರದಿಗಳು 280ಕ್ಕೂ ಹೆಚ್ಚು.

ಸಂಖ್ಯೆ ನೋಡಿದರೆ ಶಹಬಾಸ್ ಎನ್ನಬೇಕು. ಆದರೆ ಫಸಲಿನ ಅಳತೆ ಹೊಲದಲ್ಲಿ ಅಲ್ಲ, ಕಣದಲ್ಲಿ ತೂರಿದ ಮೇಲೆ ಎಂಬುದು ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ. ಆಯೋಗಕ್ಕೂ ಇದೇ ಅಳತೆ ಸಲ್ಲಬೇಕು.

ಹಳ್ಳಿಗರಿಗೆ ಹತ್ತಿರದಲ್ಲೇ ನ್ಯಾಯ ದೊರಕಲು ಗ್ರಾಮ ನ್ಯಾಯಾಲಯಗಳು ಬೇಕೆಂದು ಆಯೋಗ 1986ರಲ್ಲಿ ತನ್ನ 114ನೆಯ ವರದಿಯಲ್ಲಿ ಹೇಳಿತು. ಕಾಯಿದೆ ಬಂದದ್ದು 2008ರಲ್ಲಿ. ಜಾರಿಯಾದದ್ದು 2009ರ ಅಕ್ಟೋಬರ್ 2ರಂದು. ಕಾಲುವೆ ನೀರು, ಬಾವಿ ಮತ್ತು ಕೊಳವೆ ಬಾವಿಯ ನೀರಿನ ಹಕ್ಕು, ಊರ ಹುಲ್ಲುಗಾವಲು ಮೊದಲಾದ ತಂಟೆಗಳು ಅದರ ವ್ಯಾಪ್ತಿಗೆ ಸೇರಿವೆ. ಸಿವಿಲ್ ದಾವೆ ಆರು ತಿಂಗಳಲ್ಲಿ ಇತ್ಯರ್ಥವಾಗಬೇಕು. ನ್ಯಾಯಾಧಿಕಾರಿಯೇ ಹಳ್ಳಿಗೆ ಹೋಗಿ ವಿಚಾರಣೆ ನಡೆಸಬೇಕು. ಎಲ್ಲವೂ ಸರಿ. ಆದರೆ ರಾಜ್ಯ ಸರ್ಕಾರಗಳು ಇವನ್ನು ‘ಸ್ಥಾಪಿಸಬಹುದು’ ಎಂದಿದೆಯೇ ಹೊರತು ‘ಸ್ಥಾಪಿಸತಕ್ಕದ್ದು’ ಎಂದಿಲ್ಲ. ಫಲವಾಗಿ ದೇಶದ ಬಹುಪಾಲು ತಾಲ್ಲೂಕುಗಳಲ್ಲಿ ಇಂಥ ನ್ಯಾಯಾಲಯ ಇನ್ನೂ ಬಾಗಿಲು ತೆರೆದಿಲ್ಲ.

ಭೂಸ್ವಾಧೀನದ ಕತೆಯೂ ಇಂಥದೇ. ಆ ಕಾನೂನನ್ನು ಆಯೋಗ 1958ರಲ್ಲೇ ಪರಿಶೀಲಿಸಿ ವರದಿ ನೀಡಿತ್ತು. ಬ್ರಿಟಿಷರ 1894ರ ಕಾಯಿದೆ ಪೂರ್ತಿಯಾಗಿ ತೊಲಗಿ ಹೊಸದು ಜಾರಿಗೆ ಬಂದದ್ದು 2014ರ ಜನವರಿ 1ರಂದು.

ಈ ವಿಳಂಬಕ್ಕೆ ಆಯೋಗವನ್ನೇ ದೂರುವುದು ನ್ಯಾಯವಲ್ಲ. ಸಲಹೆ ಕೊಡುವುದಷ್ಟೇ ಅದರ ಅಧಿಕಾರ. ಅದಕ್ಕೆ ತನ್ನದೇ ಕಾಯಿದೆಯ ಆಧಾರವಿಲ್ಲ; ಸರ್ಕಾರದ ಆದೇಶದಿಂದ ಹುಟ್ಟಿ, ಸಾಮಾನ್ಯವಾಗಿ ಮೂರು ವರ್ಷಕ್ಕೆ ಮುಗಿಯುತ್ತದೆ. 21ನೆಯ ಆಯೋಗದ ಅವಧಿ 2018ರ ಆಗಸ್ಟಿನಲ್ಲಿ ತೀರಿತು. 22ನೆಯದು 2020ರ ಫೆಬ್ರವರಿಯಲ್ಲಿ ಕಾಗದದ ಮೇಲೆ ಹುಟ್ಟಿದರೂ, ಕರ್ನಾಟಕ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಋತುರಾಜ್ ಅವಸ್ಥಿಯವರು ಅಧ್ಯಕ್ಷರಾಗಿ ನೇಮಕಗೊಂಡದ್ದು 2022ರ ನವೆಂಬರಿನಲ್ಲಿ. ನಾಲ್ಕು ವರ್ಷಕ್ಕೂ ಮಿಕ್ಕಿ ಒಡೆಯನಿಲ್ಲದ ಹೊಲದಲ್ಲಿ ಬೆಳೆ ಎಲ್ಲಿಂದ ಬರಬೇಕು?

ಬ್ರಿಟನ್ನಿನಲ್ಲಿ 2009ರ ಕಾಯಿದೆಯ ಪ್ರಕಾರ, ಅಲ್ಲಿನ ಕಾನೂನು ಆಯೋಗದ ಯಾವ ಸಲಹೆ ಜಾರಿಯಾಯಿತು, ಯಾವುದು ಆಗಲಿಲ್ಲ, ಏಕೆ ಎಂದು ಸಚಿವರು ವರ್ಷಕ್ಕೊಮ್ಮೆ ಪಾರ್ಲಿಮೆಂಟಿಗೆ ಲೆಕ್ಕ ಒಪ್ಪಿಸಬೇಕು. ನಮ್ಮಲ್ಲಿಯೂ ಆಯೋಗಕ್ಕೆ ಕಾಯಿದೆಯ ಬಲ ಬರಲಿ. ಸರ್ಕಾರ ಲೆಕ್ಕ ಕೊಡುವ ಪದ್ಧತಿ ಬರಲಿ.

ಅಲ್ಲಿಯವರೆಗೆ ನೀವು ಸುಮ್ಮನೆ ಕೂರಬೇಕಾಗಿಲ್ಲ. ಗ್ರಾಮ ನ್ಯಾಯಾಲಯ ಸ್ಥಾಪಿಸುವ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ನಿಮ್ಮ ತಾಲ್ಲೂಕಿಗೆ ಒಂದು ಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳುಹಿಸಿ. ಮತ ಕೇಳಲು ಬಂದವರನ್ನು ಈ ಮಾತು ಕೇಳದೆ ಬಿಡಬೇಡಿ.