ಹಾಳೆ ಕಿತ್ತರೆ ಸಾಕ್ಷಿ ಹೋಯಿತು

ಚೀನಾದ ಬಗ್ಗೆ ಯುರೋಪಿನಲ್ಲಿ ಅಚ್ಚಾದ ಹಳೆಯ ಸಚಿತ್ರ ಗ್ರಂಥಗಳನ್ನು ಕೂಡಿಡುವ ಹವ್ಯಾಸ ಹಣವಂತರದೇ ಸರಿ. ಆದರೆ ಒಂದು ಚಿತ್ರವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂದು ಆ ಗ್ರಂಥಗಳು ಕಲಿಸುವ ಪಾಠ ಎಲ್ಲರಿಗೂ ಪುಕ್ಕಟೆ.

ಇವುಗಳಲ್ಲಿ ಬಹಳ ಹೆಸರಾದದ್ದು 1667ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ‘ಚೈನಾ ಇಲ್ಲಸ್ಟ್ರಾಟಾ’. ಬರೆದವನು ಜೆಸ್ಯೂಟ್ ಪಾದ್ರಿ ಅಥನೇಸಿಯಸ್ ಕಿರ್ಷರ್. ಸ್ವಾರಸ್ಯವೆಂದರೆ ಈತ ಚೀನಾಕ್ಕೆ ಕಾಲಿಟ್ಟವನೇ ಅಲ್ಲ! ರೋಮಿನಲ್ಲಿ ಕುಳಿತು, ಪೂರ್ವದೇಶಗಳಿಂದ ಮರಳಿದ ಪಾದ್ರಿಗಳ ಟಿಪ್ಪಣಿ, ರೇಖಾಚಿತ್ರಗಳನ್ನು ಕಲೆಹಾಕಿ ಪುಸ್ತಕ ಕಟ್ಟಿದ. ಲಾಸಾದ ಪೊಟಾಲ ಅರಮನೆಯ ಚಿತ್ರಕ್ಕೆ ಆಧಾರ, 1661ರಲ್ಲಿ ಆ ದಾರಿಯಲ್ಲಿ ಬಂದ ಗ್ರೂಬರ್ ಎಂಬ ಪಾದ್ರಿಯ ರೇಖಾಚಿತ್ರ. ಆಗ್ರಾದಲ್ಲಿದ್ದು ಸಂಸ್ಕೃತ ಕಲಿತ ಹೈನ್ರಿಕ್ ರೋಟ್ ಒದಗಿಸಿದ ದೇವನಾಗರಿ ಅಕ್ಷರಗಳು, ವಿಷ್ಣುವಿನ ದಶಾವತಾರದ ಚಿತ್ರಗಳೂ ಇದೇ ಪುಸ್ತಕದಲ್ಲಿವೆ.

ಯೋಹಾನ್ ನ್ಯೂಹೋಫನ ಮಾತು ಬೇರೆ. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ರಾಯಭಾರ ತಂಡದೊಡನೆ 1655ರಿಂದ 1657ರವರೆಗೆ ಚೀನಾದಲ್ಲಿ ಸಂಚರಿಸಿ, ಕಣ್ಣಾರೆ ಕಂಡದ್ದನ್ನು ಚಿತ್ರಿಸಿದವನು ಆತ. 1665ರಲ್ಲಿ ಹೊರಬಂದ ಅವನ ಗ್ರಂಥದಲ್ಲಿ ಸುಮಾರು 150 ಚಿತ್ರಗಳಿವೆ. ಹಾಗಾದರೆ ಇವನ್ನು ಪೂರ್ತಿ ನಂಬಬಹುದೇ? ಅವಸರ ಬೇಡ. ಅವನ ಮೂಲ ರೇಖಾಚಿತ್ರಗಳಿರುವ ಹಸ್ತಪ್ರತಿ 1980ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಬೆಳಕಿಗೆ ಬಂತು. ಹೋಲಿಸಿ ನೋಡಿದಾಗ, ತಾಮ್ರದ ತಗಡು ಕೊರೆದವರು ತಮ್ಮ ಕಲ್ಪನೆಯನ್ನೂ ಧಾರಾಳವಾಗಿ ಸೇರಿಸಿದ್ದು ತಿಳಿಯಿತು.

ಇಂಗ್ಲಿಷರ ಕಥೆಯೂ ಇಷ್ಟೇ. 1793ರಲ್ಲಿ ಮೆಕಾರ್ಟ್ನಿಯ ರಾಯಭಾರ ತಂಡ ಮಹಾಗೋಡೆ ದಾಟಿ ಜೆಹೋಲ್‌ಗೆ ಹೋದಾಗ ಚಿತ್ರಕಾರ ವಿಲಿಯಂ ಅಲೆಕ್ಸಾಂಡರನನ್ನು ಪೀಕಿಂಗಿನಲ್ಲೇ ಬಿಟ್ಟುಹೋಗಿತ್ತು. ಆತ ಮಹಾಗೋಡೆಯ ಚಿತ್ರ ಬರೆದದ್ದು ತಂಡದ ಅಧಿಕಾರಿ ಪ್ಯಾರಿಶ್ ಮಾಡಿಕೊಂಡಿದ್ದ ರೇಖಾಚಿತ್ರಗಳನ್ನು ನೋಡಿ.

ಆದ್ದರಿಂದ ಬಲ್ಲ ಸಂಗ್ರಾಹಕರು ಮೂರು ಪ್ರಶ್ನೆ ಕೇಳುತ್ತಾರೆ: ಕಂಡವರು ಯಾರು? ಬರೆದವರು ಯಾರು? ಕೊರೆದವರು ಯಾರು? ಉತ್ತರ ಸಿಗುವುದು ಮುನ್ನುಡಿಯಲ್ಲಿ, ಎದುರು ಪುಟದ ವಿವರಣೆಯಲ್ಲಿ, ಚಿತ್ರದ ಬುಡದ ಸಣ್ಣಕ್ಷರಗಳಲ್ಲಿ. 1800ರಲ್ಲಿ ಮೇಸನ್ ಲಂಡನ್ನಿನಲ್ಲಿ ಪ್ರಕಟಿಸಿದ ಚೀನೀ ವೇಷಭೂಷಣಗಳ ಗ್ರಂಥದಲ್ಲಿ 60 ಚಿತ್ರಗಳಿವೆ. ಅವುಗಳ ಬುಡದಲ್ಲಿ ಪೂ ಕ್ವಾ ಎಂಬ ಕ್ಯಾಂಟನ್ನಿನ ಚಿತ್ರಕಾರನ ಹೆಸರಿದೆ.

ದುಃಖದ ಸಂಗತಿಯೆಂದರೆ, ಇಡೀ ಪುಸ್ತಕಕ್ಕಿಂತ ಬಿಡಿ ಚಿತ್ರಗಳಿಂದಲೇ ಹೆಚ್ಚು ಹಣ ಬರುತ್ತದೆಂದು ವ್ಯಾಪಾರಿಗಳು ಇಂಥ ಗ್ರಂಥಗಳ ಹೊಲಿಗೆ ಬಿಚ್ಚಿ ಹಾಳೆ ಹಾಳೆಯಾಗಿ ಮಾರುವುದುಂಟು. ಅಂಚು ಕತ್ತರಿಸಿ, ಬಣ್ಣ ಬಳಿದು, ಚೌಕಟ್ಟು ಹಾಕಿದರೆ ಗೋಡೆಗೆ ಅಲಂಕಾರವೇನೋ ಆಯಿತು. ಆದರೆ ಅದು ಕಂಡದ್ದೋ, ಕೇಳಿದ್ದೋ, ಕಲ್ಪಿಸಿದ್ದೋ ಎಂದು ಹೇಳುವ ಸಾಕ್ಷಿ ಕಸದ ಬುಟ್ಟಿ ಸೇರಿತು. ವಿಜ್ಞಾನದ ಪಾಠ ಹೇಳುವ ನನ್ನಂಥವರಿಗೆ ಇದು, ಪ್ರಯೋಗದ ವಿಧಾನ ಹರಿದುಹಾಕಿ ಫಲಿತಾಂಶವನ್ನಷ್ಟೇ ಇಟ್ಟುಕೊಂಡಂತೆ ಕಾಣುತ್ತದೆ.

ಕೊಳ್ಳುವವರು ಮೊದಲು ಚಿತ್ರಗಳ ಪಟ್ಟಿ ಹಿಡಿದು ಒಂದೊಂದನ್ನೂ ಎಣಿಸಬೇಕು. ತಾಮ್ರದ ತಗಡಿನ ಒತ್ತಿಗೆ ಕಾಗದದಲ್ಲಿ ಚೌಕಾಕಾರದ ತಗ್ಗು ಮೂಡಿರುತ್ತದೆ. ಭೂತಗನ್ನಡಿಯಲ್ಲಿ ಸಾಲಾಗಿ ಜೋಡಿಸಿದಂಥ ಚುಕ್ಕಿಗಳು ಕಂಡರೆ ಅದು ಈಚಿನ ಅಚ್ಚು.

ಕೊಳ್ಳಲಾಗದವರಿಗೂ ನಿರಾಸೆ ಬೇಡ. ದೊಡ್ಡ ಗ್ರಂಥಾಲಯಗಳು ಇಂಥ ಹಲವು ಪುಸ್ತಕಗಳನ್ನು ಪುಟ ಬಿಡದೆ ಅಂತರ್ಜಾಲದಲ್ಲಿ ತೆರೆದಿಟ್ಟಿವೆ. ಇನ್ನು ನಿಮ್ಮ ಮನೆಯ ಅಟ್ಟದಲ್ಲೇ ಅಜ್ಜನ ಕಾಲದ ಸಚಿತ್ರ ಪುಸ್ತಕವಿದ್ದರೆ, ಎಷ್ಟೇ ಚೆಂದದ ಚಿತ್ರವಿರಲಿ, ದಯವಿಟ್ಟು ಬ್ಲೇಡು ತೆಗೆಯಬೇಡಿ.