ಕಿರ್ದಿ ನಮ್ಮದು, ಬೀಗದ ಕೈ ಯಾರದು?

ಹುಣಸೂರಿನ ವರ್ತಕನ ಕಿರ್ದಿ-ಖಾತೆಯಾಗಲಿ, ಕೃಷ್ಣರಾಜನಗರದ ಅಕ್ಕಿ ಗಿರಣಿಯ ಹಾಜರಿ-ಬಟವಾಡೆಯಾಗಲಿ, ಇಂದು ಇರುವುದು ಕಂಪ್ಯೂಟರಿನೊಳಗೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಅನೇಕ ಹಳೆಯ ಯಂತ್ರಗಳನ್ನು ಒಪ್ಪುವುದೇ ಇಲ್ಲ. ಉಳುತ್ತಿರುವ ಎತ್ತನ್ನು ಮುದಿಯೆಂದು ಸಾರಿ ಹೊಸದನ್ನು ಕೊಳ್ಳೆನ್ನುವ ನ್ಯಾಯವಿದು! ಗಿರಣಿಯಲ್ಲಿ ಹೊಸ ಯಂತ್ರಕ್ಕೆ ಹೋದ ಹಣ ಮಾಲೀಕರಿಗೆ ನೆನಪಾಗುವುದು ಬೋನಸ್ಸಿನ ಹೊತ್ತಿಗೆ.

ಇದಕ್ಕೆ ಮದ್ದಿಲ್ಲವೆ? ಇದೆ, ಹಳೆಯದೇ ಮದ್ದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಹುಟ್ಟಿತು. 1973ರಲ್ಲಿ ಅದನ್ನು ಸಿ ಎಂಬ ಭಾಷೆಯಲ್ಲಿ ಹೊಸದಾಗಿ ಬರೆದ ಮೇಲೆ ಒಂದೇ ಜಾತಿಯ ಯಂತ್ರಕ್ಕೆ ಅಂಟಿಕೊಳ್ಳುವ ಹಂಗು ತಪ್ಪಿತು. ಆದರೆ ಕಂಪೆನಿಗೊಂದು ಯುನಿಕ್ಸ್ ಆಗಿ, ಊರಿಗೊಂದು ಸೇರು ಇದ್ದ ಹಾಗಾಯಿತು. ನಮ್ಮಲ್ಲಿ 1956ರ ಅಳತೆ-ತೂಕದ ಕಾನೂನು ಸೇರುಗಳ ಗೊಂದಲ ತೀರಿಸಿ ಕಿಲೋ ತಂದಂತೆ, ಅಲ್ಲಿ 1988ರಲ್ಲಿ ಪಾಸಿಕ್ಸ್ ಎಂಬ ಸಮಾನ ಅಳತೆ ಬಂತು. ಅದಕ್ಕೆ ಹೊಂದುವಂತೆ ಬರೆದ ಪ್ರೋಗ್ರಾಮನ್ನು ಲಿನಕ್ಸಿಗೂ ಬಿಎಸ್‌ಡಿಗೂ ಮ್ಯಾಕಿಗೂ ಅಲ್ಪ ತಿದ್ದುಪಡಿಯಿಂದ ಒಯ್ಯಬಹುದು. ತಿದ್ದುಪಡಿಯೇ ಬೇಡವೆನ್ನುವವನು ಪ್ರೋಗ್ರಾಂ ಬರೆದವನಲ್ಲ, ಮಾರುವವನು.

"ಅವಕ್ಕೆಲ್ಲ ಮಾರುಕಟ್ಟೆಯಿಲ್ಲ, ವಿಶ್ಲೇಷಕರ ವರದಿ ನೋಡಿ" ಎಂದು ಹೆದರಿಸುವವರಿದ್ದಾರೆ. ನೋಡೋಣ, ಈ ಜೋಯಿಸರ ಹಳೆಯ ಪಂಚಾಂಗವನ್ನೇ ತೆಗೆಯೋಣ. ವಿಂಡೋಸ್ ಫೋನು 2015ರ ಹೊತ್ತಿಗೆ ಜಗತ್ತಿನಲ್ಲಿ ಎರಡನೆಯ ಸ್ಥಾನಕ್ಕೇರಿ ನೂರಕ್ಕೆ ಸುಮಾರು 20 ಪಾಲು ಪಡೆಯುವುದೆಂದು 2011ರಲ್ಲಿ ಐಡಿಸಿ, ಗಾರ್ಟ್ನರ್ ಎರಡೂ ಭವಿಷ್ಯ ನುಡಿದುವು. 2015 ಬಂದಾಗ ನೂರಕ್ಕೆ 3 ಕೂಡ ಇರಲಿಲ್ಲ! ಆ ಮಾತು ನಂಬಿ ಸರಕು ತುಂಬಿಕೊಂಡ ಅಂಗಡಿಯವನ ನಷ್ಟವನ್ನು ಯಾರು ಕಟ್ಟಿಕೊಟ್ಟರು? ಇಂದು ಸಂತೆಯಲ್ಲಿ ಕಿಸೆಕಿಸೆಗಳಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸೇ. ಈ ವರದಿಗಳನ್ನು ಕಾಸು ಕೊಟ್ಟು ಕೊಳ್ಳುವವರಲ್ಲಿ ಯಂತ್ರ ಮಾರುವ ಕಂಪೆನಿಗಳೂ ಇವೆಯೆಂಬುದನ್ನು ಮರೆಯಬಾರದು.

ದೂರದ ಅಮೆರಿಕವೇಕೆ? ಹೆಗ್ಗಡದೇವನಕೋಟೆಯವರು ಬಾವಲಿ ಗೇಟು ದಾಟಿದರೆ ವಯನಾಡು. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ಲಿನಕ್ಸಿನಲ್ಲಿ ನಡೆಯುತ್ತವೆ. ಎರಡು ಲಕ್ಷ ಯಂತ್ರಗಳಿಗೆ ಅದನ್ನು ಹಾಕಿ 3000 ಕೋಟಿ ರೂಪಾಯಿ ಉಳಿಸುವುದಾಗಿ ಅಲ್ಲಿನ ಕೈಟ್ ಸಂಸ್ಥೆ 2019ರಲ್ಲಿ ಹೇಳಿತು. ಮೊತ್ತ ಅವರದೇ ಲೆಕ್ಕ, ಅದನ್ನೂ ಅನುಮಾನದಿಂದಲೇ ನೋಡತಕ್ಕದ್ದು. ಮಕ್ಕಳು ಕಲಿಯುತ್ತಿರುವುದರಲ್ಲಿ ಮಾತ್ರ ಅನುಮಾನವಿಲ್ಲ.

ಪಿರಿಯಾಪಟ್ಟಣದ ಅಂಗಡಿಗೆ ಲೆಕ್ಕದ ಪ್ರೋಗ್ರಾಂ ಮಾರಲು ಬಂದವನನ್ನು ವರ್ತಕ ಬಂಧುಗಳು ಇಷ್ಟು ಕೇಳಿ: "ಸ್ವಾಮಿ, ನಾಳೆ ನಾನು ಯಂತ್ರ ಬದಲಾಯಿಸಿದರೆ ನನ್ನ ಹತ್ತು ವರ್ಷದ ಖಾತೆ ನನ್ನೊಡನೆ ಬರುತ್ತದೆಯೆ? ಎಲ್ಲಿ, ಈಗಲೇ ಲಿನಕ್ಸಿನಲ್ಲಿ ತೆರೆದು ತೋರಿಸಿ."