ನಾಯಿಗೆ ಬೊಜ್ಜು ಭೂಷಣವಲ್ಲ

ಜತ್ತ, ಅಕ್ಕಲಕೋಟೆ ಕಡೆಯ ನಮ್ಮ ಮನೆಗಳಲ್ಲಿ ನಾಯಿ ದಪ್ಪಗಾದರೆ ಹಿಗ್ಗುತ್ತೇವೆ. ಇದು ತಪ್ಪೆಂದು ನಮ್ಮ ಅಭಿಪ್ರಾಯ. ಬೊಜ್ಜಿನ ನಾಯಿ ಬೇಸಿಗೆಯಲ್ಲಿ ಬೇಗ ತೇಕುತ್ತದೆ, ಕೀಲು ನೋಯುತ್ತವೆ. ಹೊಲ ಕಾಯುವುದು ಅದರಿಂದಾಗದು. 2002ರಲ್ಲಿ ಪ್ರಕಟವಾದ ಅಮೇರಿಕೆಯ ಒಂದು ಅಭ್ಯಾಸದಲ್ಲಿ, ಜೊತೆಯವಕ್ಕಿಂತ ಕಾಲುಪಾಲು ಕಡಿಮೆ ಉಂಡ ಲ್ಯಾಬ್ರಡಾರ್ ನಾಯಿಗಳು ಸುಮಾರು 2 ವರ್ಷ ಹೆಚ್ಚು ಬಾಳಿದವು.

ಪಕ್ಕೆಯ ಮೇಲೆ ಕೈಯಾಡಿಸಿರಿ. ಎಲುಬು ಕೈಗೆ ಹತ್ತದಿದ್ದರೆ ಬೊಜ್ಜು ಬಂದಿತೆಂದು ತಿಳಿಯಿರಿ. ಅಜ್ಜಿ ಒಂದು ರೊಟ್ಟಿ, ಮಕ್ಕಳು ಒಂದು ತುಣುಕು ಬೆಲ್ಲ, ಹೀಗೆ ಎಲ್ಲರೂ ಹಾಕುವುದೇ ಇದಕ್ಕೆ ಮೂಲ. ಹಾಕುವ ಕೈ ಒಂದೇ ಇರಲಿ, ಅಳತೆಯ ಬಟ್ಟಲೂ ಒಂದೇ ಇರಲಿ. ಉಪವಾಸ ಕೆಡವಬೇಡಿರಿ, ವಾರಕ್ಕೆ ನೂರಕ್ಕೆ 1-2ರಷ್ಟು ತೂಕ ಇಳಿದರೆ ಸಾಕು. ಮುಂಜಾನೆಯ ತಂಪಿನಲ್ಲಿ ಹೊಲದವರೆಗೆ ನಡೆಸಿರಿ. ಅಷ್ಟಕ್ಕೂ ಇಳಿಯದಿದ್ದರೆ ದನದ ಡಾಕ್ಟರರಿಗೆ ತೋರಿಸಿರಿ. ಮಿತವಾಗಿ ಹಾಕುವುದೇ ನಿಜವಾದ ಅಕ್ಕರೆ.